ಆನ್ಸೆಲ್ ಹಾರ್ನ್‌ಪೈಪಿನ ಎರಡು ಪೆಟ್ಟು

ಆಕ್ರನ್, ಒಹಾಯೊ
ಜನವರಿ 23, 1938

ಪ್ರೀತಿಯ ತಂಗಿ ಮಿಂಟಾ,

ನೀನು ಕಳಿಸಿದ ಒಣ ಸೇಬಿನ ಗಂಟು ಬಂತು. ನಾನಿರೋ ಮನೆಯ ಮುದುಕಿ ಅದನ್ನ ಬೇಯಿಸಿ ಕಡುಬು ಮಾಡಿದಳು. ಪಕ್ಕದ ಕೋಣೆಯ ಟೆನೆಸಿಯವನು ಐದು ತಿಂದು, "ನಿಮ್ಮ ತಂಗಿಗೆ ಮದುವೆ ಆಗಿದೆಯಾ?" ಅಂತ ಕೇಳಿದ. "ಆಗಿ ಹದಿನೆಂಟು ವರ್ಷ ಆಯ್ತಪ್ಪ, ಗಂಡ ನಿನ್ನ ಎರಡರಷ್ಟಿದ್ದಾನೆ" ಅಂದೆ. ಆಮೇಲೆ ಆರನೇದನ್ನೂ ತಿಂದ.

ಟೈರ್ ಕಾರ್ಖಾನೆಯಲ್ಲಿ ಎಲ್ಲ ಮಾಮೂಲಿ. ಆ ವಿಷಯ ಬಿಡು, ದೊಡ್ಡ ಸುದ್ದಿ ಬೇರೆ ಇದೆ. ಶನಿವಾರ ಕುಣಿತದ ಹಾಲ್‌ನಲ್ಲಿ ನಾನು ಪಿಟೀಲು ನುಡಿಸೋದು ಗೊತ್ತಲ್ಲ. ಹೋದ ವಾರ ಅಲ್ಲಿಗೆ ರೇಡಿಯೊದವನೊಬ್ಬ ಬಂದಿದ್ದ. ನಾನು ಅಪ್ಪನ ಕುಣಿತದ ಮಟ್ಟು, ಆ ಆನ್ಸೆಲ್ ಹಾರ್ನ್‌ಪೈಪ್ ಶುರು ಮಾಡಿದ್ದೇ ತಡ, ಕುರ್ಚಿ ಎಳಕೊಂಡು ಎದುರಿಗೆ ಬಂದು ಕೂತ. ಮಾರ್ಚಿನಲ್ಲಿ ಒಂದು ಶನಿವಾರ ಸಂಜೆ ಅದನ್ನ ರೇಡಿಯೊದಲ್ಲಿ ನುಡಿಸಬೇಕಂತೆ. ಜನಕ್ಕೆ ಹಿಡಿಸಿದರೆ ಪ್ರತಿ ವಾರ ಕರೀತಾರಂತೆ.

ಅವನು ಎರಡು ಕೇಳ್ತಾನೆ. ಒಂದು, ಈ ಹಾರ್ನ್‌ಪೈಪಿನ ಹಿನ್ನೆಲೆ ಏನು, ಯಾರು ಕಟ್ಟಿದ್ದು, ಯಾಕೆ ಕಟ್ಟಿದ್ದು. ನುಡಿಸೋಕೆ ಮುಂಚೆ ನಾಲ್ಕು ಮಾತು ಹೇಳಬೇಕು. ಇನ್ನೊಂದು, ಏರು ಭಾಗದ ನಡುವೆ ಎರಡು ಪೆಟ್ಟಿನಷ್ಟು ಹೊತ್ತು ಪಿಟೀಲು ಸುಮ್ಮನೆ ನಿಲ್ಲುತ್ತಲ್ಲ, ಅದನ್ನ ತೆಗೀಬೇಕು, ಕುಣಿಯೋರ ಕಾಲು ಎಡವುತ್ತೆ ಅಂತ. "ನಮ್ಮಪ್ಪ ನಿಲ್ಲಿಸಿದ್ದನ್ನ ನಾನು ಓಡಿಸಲ್ಲ" ಅಂದೆ. ನಕ್ಕ.

ನಾನು ಸೈನ್ಯದ ಶಿಬಿರದಿಂದ ಊರಿಗೆ ಬಂದಾಗ ಗಿರಣಿಯ ಆನ್ಸೆಲ್ ಮಾಮ ಸತ್ತು ಆರು ತಿಂಗಳಾಗಿತ್ತು. ಅಪ್ಪ ನನಗೆ ಕಲಿಸಿದ್ದೇ ಆ ನಿಲುಗಡೆ ಸಮೇತ. ಗಿರಣಿಯ ಹಲ್ಲುಚಕ್ರಕ್ಕೆ ಸಿಕ್ಕಿ ಗೆಳೆಯ ಹೋದ ದುಃಖದಲ್ಲಿ ಅಪ್ಪ ಇದನ್ನ ಕಟ್ಟಿದ ಅಂತ ಊರೆಲ್ಲ ಹೇಳ್ತಾರೆ. ಅಷ್ಟೇನಾ, ಇನ್ನೂ ಏನಾದರೂ ಇದೆಯಾ? ಆ ಕಾಲದಲ್ಲಿ ಅಪ್ಪನ ಪಕ್ಕ ಕೂತು ಕಡ್ಡಿ ಬಡೀತಿದ್ದವಳು ನೀನೇ. ಒಬ್ಬರು ಕಮಾನು ಎಳೀತಿರೋವಾಗ ಇನ್ನೊಬ್ಬರು ಅದೇ ಪಿಟೀಲಿನ ತಂತಿಯ ಮೇಲೆ ಹೆಣಿಗೆ ಕಡ್ಡಿಯಲ್ಲಿ ತಾಳ ಬಡೀತಾರೆ ಅಂದರೆ ಇಲ್ಲಿಯವರು ನಂಬೋದೇ ಇಲ್ಲ ಕಣೇ.

ಭಾವನಿಗೆ ಹೇಳು, ಅವರಪ್ಪ ಆನ್ಸೆಲ್ ಮಾಮನ ಹೆಸರು ರೇಡಿಯೊದಲ್ಲಿ ಬರುತ್ತೆ.

ನಿನ್ನ ಅಣ್ಣ,
ಎಲ್ಜಿ

~

ಪ್ರೂಯಿಟ್ ಹೊಳೆ, ಕೆಂಟಕಿ
ಫೆಬ್ರವರಿ 6, 1938

ಅಣ್ಣಾ,

ನಿನ್ನ ಕಾಗದವನ್ನ ನಿನ್ನ ಭಾವ ಡಾರ್ಸಿ ಅಂಚೆ ಇಟ್ಟಿರೋ ಅಂಗಡಿಯಲ್ಲೇ ಒಡೆದು ಓದಿಕೊಂಡು ಬಂದ. ನಿನ್ನ ಕಾಗದ ಅಂದರೆ ಅವನಿಗೆ ಯಾವಾಗಲೂ ಹಾಗೇ, ಮನೆತನಕ ತಡೆಯಲ್ಲ. ಈಗ ಹೊಳೆಯ ಎರಡೂ ದಂಡೆಗೆ ಡಂಗುರ ಸಾರಿ ಆಗಿದೆ.

ಇಲ್ಲಿ ಚಳಿ ಇನ್ನೂ ಬಿಟ್ಟಿಲ್ಲ. ಹಂದಿ ಕೊಯ್ದು ಉಪ್ಪು ಹಾಕಿ ಆಯ್ತು. ನಮ್ಮ ಕೆಂಪು ಹಸುವಿಗೆ ಕೆಚ್ಚಲು ಬಾತಿತ್ತು, ಈಗ ಪರವಾಗಿಲ್ಲ. ಗಿರಣಿ ಹಾಗೇ ಬಿದ್ದಿದೆ. ಎಲ್ಲರೂ ಅಂಗಡಿ ಹಿಟ್ಟಿಗೆ ಒಗ್ಗಿದ ಮೇಲೆ ಅಲ್ಲಿಗೆ ಯಾರು ಬರ್ತಾರೆ? ಡಾರ್ಸಿ ಮಾತ್ರ ವರ್ಷಕ್ಕೊಂದು ಸಲ ಚಕ್ರಕ್ಕೆ ಎಣ್ಣೆ ಹಾಕಿ ಬರ್ತಾನೆ.

ಹಾರ್ನ್‌ಪೈಪಿನ ಹಿನ್ನೆಲೆ ಕೇಳಿದ್ದೀಯ. ಹಿನ್ನೆಲೆ ಮುನ್ನೆಲೆ ಏನೂ ಇಲ್ಲ. ಅಪ್ಪ ಒಂದು ಮಟ್ಟು ಕಟ್ಟಿದ, ಜನ ಒಂದು ಹೆಸರಿಟ್ಟರು. ಆ ನಿಲುಗಡೆಯೂ ಏನಲ್ಲ. ವಯಸ್ಸಾಗಿ ಅಲ್ಲಿ ಅಪ್ಪನ ಕಿರುಬೆರಳು ಎಡವುತ್ತಿತ್ತು, ನೀನು ಅದನ್ನೂ ಸೇರಿಸಿ ಕಲಿತುಬಿಟ್ಟೆ. ರೇಡಿಯೊದವನು ಹೇಳಿದ ಹಾಗೆ ತೆಗೆದುಬಿಡು. ಅದಕ್ಕಿಂತ ಬೇರೆ ಯಾವುದಾದರೂ ನುಡಿಸು. ಅಪ್ಪನಿಗೆ ನೂರು ಬರ್ತಿತ್ತು, ನಿನಗೆ ಅದೊಂದೇ ಸಿಕ್ಕಿತಾ?

ಉಣ್ಣೆಯ ಕಾಲುಚೀಲ ಎರಡು ಜೊತೆ ಕಳಿಸ್ತಿದ್ದೀನಿ.

ಮಿಂಟಾ

~

ಆಕ್ರನ್
ಫೆಬ್ರವರಿ 20, 1938

ಮಿಂಟಾ,

ಅಪ್ಪನ ಬೆರಳು ಎಡವೋದಾ? ನೀನು ಯಾರ ಹತ್ತಿರ ಹೇಳ್ತಿದ್ದೀಯ ಈ ಮಾತನ್ನ? ಸಾಯೋ ವರ್ಷ ಕಣ್ಣು ಕಾಣದೇ ಇದ್ದಾಗಲೂ ಅವನ ಬೆರಳು ಕೂದಲಿನಷ್ಟು ಆಚೀಚೆ ಹೋಗ್ತಿರಲಿಲ್ಲ. ಪಿಟೀಲು ನನ್ನ ಹತ್ತಿರ ಇದೆ, ಒಳಗೆ ಅವನು ಇಲಿ ಬಾರದಿರಲಿ ಅಂತ ಹಾಕಿದ ಗಿಲಕಿ ಹಾವಿನ ಬಾಲವೂ ಇದೆ. ಸುಳ್ಳು ಹೇಳಿದರೆ ಅದು ಗಿಲಿಗಿಲಿ ಅನ್ನುತ್ತೆ ಅಂತ ನಮ್ಮನ್ನ ಹೆದರಿಸ್ತಿದ್ದ, ನೆನಪಿದೆಯಾ?

ಈಗ ಕೇಳು. ವೈಲಿ ಕೋಪ್ ಸಿಕ್ಕಿದ್ದ. ನಮ್ಮ ಹೊಳೆಯ ಮೇಲುದಂಡೆಯ ವೈಲಿ, ಮಗಳ ಮನೆಗೆ ಬಂದಿದ್ದಾನೆ. ಹಲ್ಲೆಲ್ಲ ಹೋಗಿದೆ, ನೆನಪು ಹೋಗಿಲ್ಲ. ಅವನು ಹೇಳ್ತಾನೆ, ಈ ಹಾರ್ನ್‌ಪೈಪ್ ಆನ್ಸೆಲ್ ಮಾಮ ಸತ್ತ ಮೇಲೆ ಕಟ್ಟಿದ್ದಲ್ಲವಂತೆ. ನಾನು ಸೈನ್ಯಕ್ಕೆ ಹೋದ ಸ್ವಲ್ಪ ದಿನಕ್ಕೇ ಅಪ್ಪ ನುಡಿಸೋಕೆ ಶುರು ಮಾಡಿದ್ದನಂತೆ, ಹೆಸರು ಮಾತ್ರ ಇರಲಿಲ್ಲ. ನಿಲುಗಡೆಯೂ ಇರಲಿಲ್ಲ. ಆ ಶನಿವಾರ, ಜೋಳ ಬೀಸೋದಕ್ಕೆ ಬಂದ ಜನ ಗಿರಣಿಯ ಮೇಲಿನ ಅಟ್ಟದಲ್ಲಿ ಕುಣೀತಿರೋವಾಗ, ಇದೇ ಮಟ್ಟಿನ ನಡುವೆ ಪಿಟೀಲು ತಟಕ್ಕಂತ ನಿಂತಿತಂತೆ. "ನನ್ನ ಕಾಲು ಗಾಳಿಯಲ್ಲೇ ಉಳೀತು ಮಾರಾಯ. ಆಮೇಲೆ ಮತ್ತೆ ಶುರು ಆಯ್ತು" ಅಂದ. ಅದಾದ ಸ್ವಲ್ಪ ಹೊತ್ತಿಗೆ ಕೆಳಗೆ ಆನ್ಸೆಲ್ ಮಾಮನ ಹೆಣ ಸಿಕ್ಕಿತಂತೆ.

ಗೆಳೆಯನ ಜೀವ ಹೋಗೋದು ಅಪ್ಪನಿಗೆ ಹೇಗೋ ತಿಳಿದಿದೆ, ಕೈ ತಾನಾಗಿ ನಿಂತಿದೆ. ಆಮೇಲೆ ಸಾಯೋತನಕ ಆ ಜಾಗದಲ್ಲಿ ನಿಲ್ಲಿಸಿ ಅವನಿಗೆ ಗೌರವ ಕೊಟ್ಟಿದ್ದಾನೆ. ಇದನ್ನ ಕೇಳಿ ರೇಡಿಯೊದವನು, "ನಿಲುಗಡೆ ತೆಗೀಬೇಡಿ, ಇದನ್ನೇ ಹೇಳಿ" ಅಂದ. ಮಾರ್ಚ್ 12, ಶನಿವಾರ, ಸಂಜೆ ಐದಕ್ಕೆ. ಅಂಗಡಿಯ ರೇಡಿಯೊದಲ್ಲಿ ಭಾವ ಕೇಳಲಿ.

ನೀನು ಅಪ್ಪನ ಪಕ್ಕದಲ್ಲೇ ಕೂತಿದ್ದೆ. ಅವನ ಮುಖ ಹೇಗಿತ್ತು, ಒಂದು ಸಾಲು ಬರಿ.

ಎಲ್ಜಿ

~

ಪ್ರೂಯಿಟ್ ಹೊಳೆ
ಮಾರ್ಚ್ 1, 1938

ಅಣ್ಣಾ,

ಇದನ್ನ ನಾನೇ ಅಂಗಡಿಗೆ ನಡೆದು ಹೋಗಿ ಹಾಕ್ತಿದ್ದೀನಿ. ರೇಡಿಯೊದಲ್ಲಿ ಆ ಮಾತು ಎತ್ತಬೇಡ. ಹಾರ್ನ್‌ಪೈಪ್ ಬೇಕಾದರೆ ನುಡಿಸು, ಆ ಶನಿವಾರದ ಸುದ್ದಿ ಬೇಡ. ಯಾಕೆ ಅಂತ ಕೇಳಬೇಡ. ನೀನು ಬರೆಯೋದೆಲ್ಲ ಡಾರ್ಸಿ ಓದ್ತಾನೆ, ಹಾಗಾಗಿ ನಾನು ಹೀಗೆ ಬರೆದೆ ಅನ್ನೋದನ್ನೂ ಬರೀಬೇಡ. ನಿನ್ನ ಹತ್ತಿರ ನಾನು ಏನೂ ಬೇಡಿದವಳಲ್ಲ. ಇದೊಂದು ಬೇಡ್ತೀನಿ.

ಮಿಂಟಾ

~

ಆಕ್ರನ್
ಮಾರ್ಚ್ 13, 1938

ಪ್ರೀತಿಯ ಮಿಂಟಾಗೂ ಭಾವನಿಗೂ,

ನಿನ್ನೆ ಆಯ್ತು. ನೀವು ಕೇಳಿರಬಹುದು. ವೈಲಿ ಹೇಳಿದ್ದನ್ನೆಲ್ಲ ಹೇಳಿ, ಆಮೇಲೆ ನಿಲುಗಡೆ ಸಮೇತ ನುಡಿಸಿದೆ. ಮುಗಿದಾಗ ಗಾಜಿನ ಆಚೆ ಕೂತಿದ್ದವರು ಎದ್ದು ನಿಂತಿದ್ದರು. ಏಪ್ರಿಲ್‌ನಿಂದ ವಾರಕ್ಕೊಂದು ಸಲ ಬರೋಕೆ ಹೇಳಿದ್ದಾರೆ.

ಮಿಂಟಾ, ನಿನಗೆ ಬೇಜಾರಾಗಿದ್ದರೆ ಒಂದು ಮಾತು ತಿಳಕೋ. ನವೆಂಬರಿನಿಂದ ನನಗೆ ಕೆಲಸ ಇಲ್ಲ. ಕಾರ್ಖಾನೆಯಲ್ಲಿ ಸಾಲು ಸಾಲಾಗಿ ಮನೆಗೆ ಕಳಿಸಿದರು, ನಾನು ಮೊದಲ ಸಾಲಿನಲ್ಲೇ ಇದ್ದೆ. ನಾಚಿಕೆಯಾಗಿ ಬರೆದಿರಲಿಲ್ಲ. ಜನವರಿಯಲ್ಲಿ ನಿನ್ನ ಸೇಬು ನನಗೆ ಬರೀ ತಿಂಡಿ ಆಗಿರಲಿಲ್ಲ. ಕಥೆ ಇಲ್ಲದೆ ಅವರು ನನ್ನನ್ನ ಕರೀತಿರಲಿಲ್ಲ. ಇನ್ನು ನೀನು ಬೈದರೂ ಸರಿ.

ಎಲ್ಜಿ

~

ಪ್ರೂಯಿಟ್ ಹೊಳೆ
ಮಾರ್ಚ್ 27, 1938

ಅಣ್ಣಾ,

ಕೆಲಸ ಹೋಗಿದ್ದನ್ನ ನನ್ನಿಂದ ಮುಚ್ಚಿಟ್ಟೆಯಲ್ಲ, ಅದಕ್ಕೆ ಅತ್ತೆ. ಉಳಿದದ್ದಕ್ಕೆ ಅಳು ಬರಲಿಲ್ಲ.

ನಿನ್ನ ಕಾಗದದಲ್ಲಿ ಓದಿದ್ದೇ ಆದರೂ, ರೇಡಿಯೊದಲ್ಲಿ ಕೇಳಿ ಡಾರ್ಸಿ ಅಂಗಡಿಯಿಂದ ಬಂದವನು ಟೋಪಿ ತೆಗೆಯದೆ ಒಲೆ ಮುಂದೆ ಕೂತ. ಮದುವೆಯಾದ ಮೇಲೆ ಅವನು ಅತ್ತದ್ದನ್ನ ನಾನು ನೋಡಿಯೇ ಇರಲಿಲ್ಲ. "ನಮ್ಮಪ್ಪ ಒಬ್ಬನೇ ಸತ್ತ ಅಂದ್ಕೊಂಡಿದ್ದೆ ಮಿಂಟಾ. ನಿಮ್ಮಪ್ಪನಿಗಾದರೂ ತಿಳೀತಲ್ಲ" ಅಂದ. ಈಗ ಅವನಿಗೊಂದು ಆಸೆ ಹುಟ್ಟಿದೆ. ಮೇ ಕೊನೆಯಲ್ಲಿ ಸಮಾಧಿಗಳಿಗೆ ಹೂವಿಡೋ ಭಾನುವಾರ ನೀನು ಬರಬೇಕು. ಅವರಪ್ಪನ ಸಮಾಧಿಯ ಹತ್ತಿರ ಆ ಹಾರ್ನ್‌ಪೈಪ್ ನುಡಿಸಬೇಕು. ನಾನು ಪಕ್ಕದಲ್ಲಿ ಕೂತು ಕಡ್ಡಿ ಬಡೀಬೇಕು, ಅವತ್ತಿನ ಹಾಗೆ. ಈಗಾಗಲೇ ಎಲ್ಲರಿಗೂ ಹೇಳಿ ಬಂದಿದ್ದಾನೆ.

ಅಪ್ಪನ ಮುಖ ಹೇಗಿತ್ತು ಅಂತ ಕೇಳಿದ್ದೆಯಲ್ಲ. ಹೇಳ್ತೀನಿ. ಓದಿ ಒಲೆಗೆ ಹಾಕು.

ಅವತ್ತು ಬೆಳಿಗ್ಗೆ ನಾನು ನಮ್ಮ ಜೋಳದ ಚೀಲ ತಗೊಂಡು ಗಿರಣಿಗೆ ಹೋದೆ. ಆನ್ಸೆಲ್ ಅಳೀತಾ ಅಳೀತಾ, ನನಗೊಬ್ಬಳಿಗೇ ಕೇಳೋ ಹಾಗೆ, "ಡಾರ್ಸಿಯ ಹಿಂದೆ ಸುತ್ತೋದು ಬಿಡು. ದೆವ್ವದ ಪೆಟ್ಟಿಗೆ ಕುಯ್ಯೋನ ಮಗಳನ್ನ ನಾನು ಮನೆ ತುಂಬಿಸಿಕೊಳ್ಳಲ್ಲ" ಅಂದ. ಅವನ ಬಾಯಲ್ಲಿ ಪಿಟೀಲು ಅಂದರೆ ದೆವ್ವದ ಪೆಟ್ಟಿಗೆ. ಅಪ್ಪನ ಪಿಟೀಲು ಇರೋದರಿಂದ ತಾನೇ ಆಚೆ ಹೊಳೆಯವರೂ ಇವನ ಗಿರಣಿಗೇ ಬರ್ತಿದ್ದದ್ದು? ಅದಕ್ಕೆ ಪಿಟೀಲು ಬೇಕು, ಅಪ್ಪನ ಮಗಳು ಬೇಡ. ನನಗೆ ಹತ್ತೊಂಬತ್ತು ವರ್ಷ. ಹೊಟ್ಟೆ ಉರೀತಿತ್ತು.

ಮಧ್ಯಾಹ್ನ ಮೇಲೆ ಕುಣಿತ ಶುರು ಆಯ್ತು. ಗಿರಣಿ ಓಡ್ತಿತ್ತು. ಆನ್ಸೆಲ್ ಕೆಳಗಿದ್ದ. ಡಾರ್ಸಿ ಹೊರಗೆ ಗಾಡಿಯಿಂದ ಚೀಲ ಇಳಿಸ್ತಿದ್ದ. ಅಟ್ಟದಲ್ಲಿ ಜನ ಕಾಲು ಕುಟ್ಟಿದರೆ ಕೆಳಗೆ ಹಿಟ್ಟಿನ ಮೇಲೆ ಧೂಳು ಬೀಳುತ್ತೆ ಅಂತ ಆನ್ಸೆಲ್ ಪ್ರತಿ ಶನಿವಾರ ಕೆಳಗಿನಿಂದ ಕೂಗ್ತಿದ್ದ. ನಿನಗೂ ಗೊತ್ತು, ನಾವೆಲ್ಲ ಅದಕ್ಕೆ ನಗ್ತಿದ್ದೆವು. ಅವತ್ತೂ ಕೂಗು ಕೇಳಿತು. ಕುಣಿಯೋರೂ ಕೇಳಿಸಿಕೊಂಡಿರಬೇಕು, ಕುಣಿಯೋರಿಗೆ ಅದು ಲೆಕ್ಕಕ್ಕಿಲ್ಲ. ಆದರೆ ನನಗೆ ದನಿ ಬೇರೆ ಥರ ಅನ್ನಿಸಿತು. ನನ್ನ ಕಡ್ಡಿ ನಿಂತಿತು. ಮೊದಲು ನಿಂತದ್ದು ನನ್ನ ಕಡ್ಡಿ ಅಣ್ಣಾ, ಅಪ್ಪನ ಕಮಾನಲ್ಲ. ನಾನು ನಿಂತೆ ಅಂತ ಅವನು ನಿಂತ. ತಿರುಗಿ ನನ್ನ ಮುಖ ನೋಡಿದ, ಏನಾಯ್ತು ಅನ್ನೋ ಹಾಗೆ.

ಏನೋ ಆಗಿದೆ ಅಂತ ನಾನು ಹೇಳಬಹುದಿತ್ತು. ಚಕ್ರದ ಮೇಲೆ ನೀರು ಬಿಡೋ ತೂಬನ್ನ ಮುಚ್ಚೋ ಹಗ್ಗ ನನ್ನ ಕುರ್ಚಿಯ ಹಿಂದೆಯೇ ತೂಗ್ತಿತ್ತು. ಕೈ ಚಾಚಿದರೆ ಸಿಗ್ತಿತ್ತು, ಎಳೆದರೆ ಗಿರಣಿ ನಿಲ್ತಿತ್ತು. ನಾನು, "ಕಿರುಚಲಿ ಬಿಡು. ನುಡಿಸಪ್ಪ" ಅಂದೆ. ಅಪ್ಪ ನುಡಿಸಿದ. ಜೋರಾಗಿ ಬಡಿದೆ ನಾನು. ಇನ್ನೂ ಮೂರು ಸುತ್ತು ಆಯ್ತು. ಬೀಸೋ ಕಲ್ಲು ಬರಿದೇ ಉಜ್ಜಿ ಸುಟ್ಟ ವಾಸನೆ ಬಂದ ಮೇಲೆ ಯಾರೋ ಕೆಳಗೆ ಇಳಿದರು. ಮೊದಲು ಕಂಡದ್ದು ಡಾರ್ಸಿಗೆ. ಅಂಗಿಯ ತೋಳು ಹಲ್ಲುಚಕ್ರಕ್ಕೆ ಸಿಕ್ಕಿತ್ತು. ತೋಳು ಮಾತ್ರ ಅಲ್ಲ.

ಅಪ್ಪ ಯಾರಿಗೂ ಹೇಳಲಿಲ್ಲ. ನನಗೂ ಒಂದು ಮಾತು ಅನ್ನಲಿಲ್ಲ. ನನ್ನ ಮದುವೆಯಲ್ಲಿ ಅದೇ ಹಾರ್ನ್‌ಪೈಪ್ ನುಡಿಸಿದ, ಆ ಜಾಗಕ್ಕೆ ಬಂದಾಗ ಎರಡು ಪೆಟ್ಟು ನಿಲ್ಲಿಸಿದ. ನಮ್ಮ ಮನೆಗೆ ಬಂದಾಗಲೆಲ್ಲ ಡಾರ್ಸಿಗೆ ಇಷ್ಟ ಅಂತ ನುಡಿಸ್ತಿದ್ದ, ನಿಲ್ಲಿಸ್ತಿದ್ದ. ಒಂದು ಸಲ ಕಾಲು ಹಿಡಿದೆ, "ಅಲ್ಲಿ ನಿಲ್ಲಿಸಬೇಡಪ್ಪ" ಅಂತ. "ಅವನು ಇನ್ನೆಲ್ಲಿ ಕೂಗಬೇಕಮ್ಮ?" ಅಂದ. ಅಷ್ಟೇ.

ಅವತ್ತಿನಿಂದ ನಾನು ಕಡ್ಡಿ ಮುಟ್ಟಿಲ್ಲ. ಈಗ ಮುಟ್ಟಲ್ಲ ಅಂದರೆ ಡಾರ್ಸಿ ಯಾಕೆ ಅಂತ ಕೇಳ್ತಾನೆ. ಈ ಮನೆ, ಈ ಹದಿನೆಂಟು ವರ್ಷ ಎಲ್ಲ ಅವನಿಗೆ ಗೊತ್ತಿಲ್ಲ ಅನ್ನೋದರ ಮೇಲೆ ನಿಂತಿದೆ. ನೀನು ಬರಲೇಬೇಕು. ಉತ್ತರದಲ್ಲಿ ಇದರ ಸುಳಿವು ಕೊಡಬೇಡ, ಅವನು ಓದ್ತಾನೆ.

ಮಿಂಟಾ

~

ಆಕ್ರನ್
ಏಪ್ರಿಲ್ 24, 1938

ಮಿಂಟಾ,

ತಡವಾಯ್ತು. ನಾಲ್ಕು ಸಲ ಬರೆದು ಹರಿದೆ. ನಿನ್ನ ಹಿಂದಿನ ಕಾಗದ ಚಳಿಗೆ ಒಲೆ ಹೊತ್ತಿಸೋಕೆ ಬಂತು.

ಬರ್ತೀನಿ. ಭಾವನಿಗೆ ಹೇಳು, ಶನಿವಾರ ರೇಡಿಯೊ ಮುಗಿಸಿ ಬಸ್ಸು ಹಿಡಿದರೆ ಭಾನುವಾರ ಹೂವಿಡೋ ಹೊತ್ತಿಗೆ ಅಲ್ಲಿರ್ತೀನಿ.

ಕಡ್ಡಿ ಬಡಿಯೋಕೆ ಅಭ್ಯಾಸ ತಪ್ಪಿದೆ ಅಂತ ನೀನು ಹೆದರಬೇಡ. ಕಷ್ಟದ ಜಾಗ ಒಂದೇ ತಾನೆ? ಅಲ್ಲಿಗೆ ಬಂದಾಗ ನಿನಗೆ ಏನೂ ತೊಂದರೆ ಆಗದ ಹಾಗೆ ನಾನು ನೋಡ್ಕೋತೀನಿ. ಅಣ್ಣ ಅಂತ ಇರೋದು ಯಾಕೆ?

ಎಲ್ಜಿ

~

ಆಕ್ರನ್
ಜೂನ್ 1, 1938

ಮಿಂಟಾ, ಭಾವ,

ಸುಖವಾಗಿ ಬಂದು ಸೇರಿದೆ. ಊಟದ ಗಂಟು ದಾರಿಯಲ್ಲೇ ಖಾಲಿ. ಸಮಾಧಿಗಳ ನಡುವೆ ಬಟ್ಟೆ ಹಾಸಿ ಎಲ್ಲರೂ ಕೂತು ಉಂಡದ್ದು, ಆ ಕಾಗದದ ಹೂಗಳು, ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ಅದೇ ಕಾಣ್ತಿತ್ತು.

ಎಲ್ಲ ಚೆನ್ನಾಗಿ ಆಯ್ತಲ್ಲ ಮಿಂಟಾ. ಇಲ್ಲಿ ಕುಣಿಯೋರಿಗೋಸ್ಕರ ಅದನ್ನ ನಿಲ್ಲಿಸದೆ ನೇರ ಮಾಡಿ ನುಡಿಸೋದನ್ನೂ ಕಲಿತಿದ್ದೆ, ಅಲ್ಲೂ ಹಾಗೇ ಓಡಿಸಿಬಿಟ್ಟೆ. ಭಾವ, ತಪ್ಪು ತಿಳಿಯಬೇಡ, ಕೈಗೆ ಅದೇ ರೂಢಿಯಾಗಿದೆ. ಮಿಂಟಾ ಒಂದು ಕಡೆ ತಾಳ ತಪ್ಪಿದಳು. ಇಪ್ಪತ್ತು ವರ್ಷದ ಮೇಲೆ ಕಡ್ಡಿ ಹಿಡಿದವಳಿಗೆ ಅಷ್ಟು ಆಗೋದೇ, ಯಾರೂ ಗಮನಿಸಲಿಲ್ಲ.

ಈಗ ನಿನ್ನ ಮನಸ್ಸು ಹಗುರ ಆಗಿದೆ ಅಂದ್ಕೋತೀನಿ.

ಎಲ್ಜಿ

~

ಪ್ರೂಯಿಟ್ ಹೊಳೆ
ಜೂನ್ 19, 1938

ಅಣ್ಣಾ,

ನಿನ್ನ ಕಾಗದ ಒಡೆಯದೇ ನನ್ನ ಕೈಗೆ ಬಂತು. ಅಂಗಡಿಯ ಹುಡುಗಿ ತಂದುಕೊಟ್ಟಳು. ಡಾರ್ಸಿ ಈಗ ಅಂಚೆ ನೋಡೋಕೆ ಹೋಗ್ತಿಲ್ಲ.

ನೀನು ಆ ಜಾಗವನ್ನ ತೆಗೆದುಬಿಡ್ತೀಯ ಅಂತ ನನಗೆ ಗೊತ್ತಿರಲಿಲ್ಲ. ನೋಡ್ಕೋತೀನಿ ಅಂದದ್ದನ್ನ ನಾನು, ಅಪ್ಪನ ಹಾಗೇ ಸರಿಯಾಗಿ ನಿಲ್ಲಿಸ್ತೀಯ, ನಿಲುಗಡೆ ಅಪ್ಪನದು ಅಂತಲೇ ಎಲ್ಲರಿಗೂ ಕಾಣುತ್ತೆ, ನಾನು ಅದರ ಹಿಂದೆ ಅಡಗಿಕೊಳ್ಳಬಹುದು ಅಂತ ತಿಳಿದೆ. ನೀನು ಕರುಣೆಯಿಂದ ಮಾಡಿದೆ. ಅದು ನನಗೆ ಗೊತ್ತು. ಬೈಯೋಕೆ ಬರೀತಿಲ್ಲ.

ತಗ್ಗಿನ ಭಾಗ ಮುಗೀತು. ಏರು ಭಾಗ ಬಂತು. ಪಿಟೀಲು ಮುಂದೆ ಹೋಯ್ತು. ನನ್ನ ಕಡ್ಡಿ ನಿಂತಿತು. ನಾನು ನಿಲ್ಲಿಸಲಿಲ್ಲ ಅಣ್ಣಾ, ಅದೇ ನಿಂತಿತು. ಈ ಕೈ ಕೊನೆಯ ಸಲ ಬಡಿದಾಗ ಕಲಿತದ್ದು ಅದೊಂದೇ. ಎರಡನೇ ಸುತ್ತಿನಲ್ಲಿ ಹಲ್ಲು ಕಚ್ಚಿ ಕಾದೆ, ಆಗಲೂ ನಿಂತಿತು. ಮೂರನೇ ಸಲವೂ. ಯಾರೂ ಗಮನಿಸಲಿಲ್ಲ ಅಂತ ಬರೆದಿದ್ದೀಯ. ನೀನು ಕಣ್ಣು ಮುಚ್ಚಿ ನುಡಿಸ್ತಿದ್ದೆ. ಡಾರ್ಸಿ ಎದುರಿಗೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಆ ಮಟ್ಟು ಅವನಿಗೆ ಅಪ್ಪನ ಕೈಯಲ್ಲಿ ಕೇಳಿ ಕೇಳಿ ಬಾಯಿಪಾಠ. ಅವನು ಪಿಟೀಲು ನೋಡ್ತಿರಲಿಲ್ಲ. ನನ್ನ ಕೈ ನೋಡ್ತಿದ್ದ.

ನೀನು ಹೋಗಿ ಎರಡು ದಿನ ಕಳೀತು. ಮೂರನೇ ದಿನ ಇಬ್ಬರೂ ಹುರುಳಿಕಾಯಿ ಸಾಲಿನಲ್ಲಿ ಕಳೆ ತೆಗೀತಿದ್ದೆವು. ಬಗ್ಗಿದವನು ಬಗ್ಗಿಕೊಂಡೇ ಹೇಳಿದ.

"ಅವತ್ತು ನಿಂತದ್ದು ನಿನ್ನ ಕಡ್ಡಿ."

"ಹೌದು" ಅಂದೆ.

"ನಿಮ್ಮಪ್ಪ ನಿನ್ನ ಕಡೆ ನೋಡಿರಬೇಕು."

"ನೋಡಿದ."

"ಏನಂದೆ?"

ಸುಳ್ಳು ಹೇಳೋದು ನನಗೆ ಹೊಸದಲ್ಲ. ಇಪ್ಪತ್ತು ವರ್ಷದ ಅಭ್ಯಾಸ. ಆದರೆ ಬಾಯಿಗೆ ಬರಲಿಲ್ಲ. ಅಂದ ಮಾತನ್ನ ಅಂದ ಹಾಗೇ ಹೇಳಿದೆ. ಅವರಪ್ಪ ಬೆಳಿಗ್ಗೆ ನನಗೆ ಅಂದದ್ದನ್ನ ಮಾತ್ರ ಹೇಳಲಿಲ್ಲ. ಅದನ್ನ ಹೇಳಿದರೆ ತಪ್ಪನ್ನ ಸತ್ತವನ ಮೇಲೆ ಹಾಕಿದ ಹಾಗೆ ಆಗ್ತಿತ್ತು.

"ತೂಬಿನ ಹಗ್ಗ ಎಲ್ಲಿತ್ತು?" ಅಂತ ಕೇಳಿದ. ಎಲ್ಲಿತ್ತು ಅಂತ ಅವನಿಗೆ ಗೊತ್ತು, ಆ ಹಗ್ಗ ಕಟ್ಟಿದವನೇ ಅವನು.

"ನನ್ನ ಕುರ್ಚಿಯ ಹಿಂದೆ" ಅಂದೆ.

ಹೂಂ ಅಂದ. ಸಾಲು ಪೂರ್ತಿ ಮಾಡಿದ, ಗುದ್ದಲಿ ತೊಳೆದು ಇಟ್ಟ. ಆಮೇಲೆ ತನ್ನ ಹಾಸಿಗೆ ಸುತ್ತಿಕೊಂಡು ಗಿರಣಿಗೆ ಹೋದ. ಹದಿನೆಂಟು ದಿನ ಆಯ್ತು. ಹಗಲು ಬಂದು ಹೊಲದ ಕೆಲಸ ಮಾಡ್ತಾನೆ, ಹಾಲು ಕರೀತಾನೆ. ನಾನು ಗಿರಣಿಯ ಬಾಗಿಲ ಮೆಟ್ಟಿಲ ಮೇಲೆ ತಟ್ಟೆ ಇಟ್ಟು ಬರ್ತೀನಿ. ಜೋಳದ ರೊಟ್ಟಿ, ಹುರುಳಿಕಾಯಿ, ಏನು ಇಟ್ಟರೂ ತಿಂತಾನೆ. ತಟ್ಟೆ ತೊಳೆದು ಅಲ್ಲೇ ಇಟ್ಟಿರ್ತಾನೆ. ಬೈದಿದ್ದರೆ ಚೆನ್ನಾಗಿತ್ತು. ಒಂದು ದಿನ ಮೆಟ್ಟಿಲ ಹತ್ತಿರ ನಿಂತು ಅವನ ಹೆಸರು ಕೂಗಿದೆ. ಒಳಗೇ ಇದ್ದ, ಉಸಿರು ಕೇಳ್ತಿತ್ತು. ಓಗೊಡಲಿಲ್ಲ. ಅದಕ್ಕೆ ಅವನನ್ನ ಹೇಗೆ ದೂರಲಿ?

ಇನ್ನು ನಿನ್ನ ರೇಡಿಯೊ. ಅಪ್ಪನಿಗೆ ಗೆಳೆಯನ ಸಾವು ತಿಳೀತು, ಗೌರವಕ್ಕೆ ನಿಲ್ಲಿಸಿದ ಅಂತ ನೀನು ಹೇಳಿದ್ದನ್ನ ಈಗ ಎಷ್ಟು ಜನ ಕೇಳಿದ್ದಾರೋ. ಬೇರೆ ಪಿಟೀಲಿನವರೂ ಕಲಿತು ಅದೇ ಕಥೆ ಹೇಳ್ತಾರೆ. ನಾವು ಸತ್ತ ಮೇಲೆ ಅದೇ ನಿಜ ಆಗುತ್ತೆ. ನೀನು ಅದನ್ನ ನೇರ ಮಾಡಿ ನುಡಿಸಬೇಡ. ನಿಲ್ಲಿಸು. ಕುಣಿಯೋರು ಎಡವಿದರೆ ಎಡವಲಿ.

ಯಾಕೆ ನಿಲ್ಲಿಸ್ತೀಯ ಅಂತ ಯಾರಾದರೂ ಕೇಳಿದರೆ ಇನ್ನು ಮೇಲೆ ಅಪ್ಪನ ಹೆಸರು ಹೇಳಬೇಡ. ಕೆಳಗೆ ಒಬ್ಬ ಕೂಗ್ತಿದ್ದ, ಮೇಲೆ ಒಬ್ಬಳಿಗೆ ಕೇಳಿತು, ಎರಡು ಪೆಟ್ಟಿನಷ್ಟು ಹೊತ್ತು ಯೋಚನೆ ಮಾಡಿದಳು ಅಂತ ಹೇಳು. ಅವಳ ಹೆಸರು ಅರ್ಮಿಂಟಾ ಅಂತ ಹೇಳು.

ನಿನ್ನ ತಂಗಿ,
ಮಿಂಟಾ